ಒಂದೇ ನಾಣ್ಯದ ಆರು ವೃತ್ತಗಳು

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ "ಗುಂಡಿಗೆ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ನಗದೆ ದಾರಿ ತೋರಿಸುತ್ತಾರೆ. ಬೀಗ ರಿಪೇರಿ ಅಂಗಡಿ ದಾಟಿದ ಮೇಲೆ ಎಡಕ್ಕೆ ಮೂರನೆಯ ಬಾಗಿಲು. ಕಿಟಕಿಯ ಸರಳುಗಳ ಹಿಂದೆ, ಹಲಗೆಯ ಮೇಲೆ, ಹತ್ತು ಹನ್ನೆರಡು ಗುಂಡಿಗೆಗಳು ಬಣ್ಣ ಹಚ್ಚಿಸಿಕೊಂಡು ಒಣಗುತ್ತಿರುತ್ತವೆ. ಪಕ್ಕದಲ್ಲಿ ಒಂದೆರಡು ಕಿವಿ, ಉದ್ದಕ್ಕೆ ಸೀಳಿದ ಒಂದು ಮೂಗು, ಇನ್ನೂ ಬಣ್ಣ ಕಾಣದ ಮೂತ್ರಪಿಂಡಗಳ ಜೋಡಿ. ಒಳಗೆ ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಕೂತಿರುವವರೇ ಗಾರೆ ಡಾಕ್ಟ್ರು.

ಅವರು ಡಾಕ್ಟರಲ್ಲ. ಶಾಲೆ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಪ್ಲಾಸ್ಟರಿನ ಮಾದರಿಗಳನ್ನು ಮಾಡಿಕೊಡುವವರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಫೇಲಾದರು. ಮೂರನೆಯ ಸಲ ಅದೇ ಕಾಲೇಜಿಗೆ ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದರು. "ಮುಂಬಾಗಿಲಿಂದ ಪಾಸಾಗಲಿಲ್ಲ, ಹಿಂಬಾಗಿಲಿಂದ ಸಂಬಳಕ್ಕೆ ನಿಂತೆ" ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ಕೈ ಮಾತ್ರ ಚೆನ್ನಾಗಿತ್ತು. ಮುರಿದ ಮಾದರಿಗಳನ್ನು ಅಂಟಿಸುತ್ತ ಅಂಟಿಸುತ್ತ ಹೊಸದನ್ನೇ ಎರಕ ಹೊಯ್ಯುವುದನ್ನು ಕಲಿತು, ಕೆಲಸ ಬಿಟ್ಟು ಈ ಕೋಣೆ ಹಿಡಿದರು. ಬೀಗ ರಿಪೇರಿಯವನು ದಿನಕ್ಕೊಮ್ಮೆ ಕೆಣಕುತ್ತಾನೆ: "ಏನ್ ಡಾಕ್ಟ್ರೇ, ನಿಮ್ಮ ಗುಂಡಿಗೆಗಳು ಹೇಗಿವೆ?"

"ಇವತ್ತಿನವರೆಗೂ ಒಂದೂ ನಿಂತಿಲ್ಲ ಕಣಯ್ಯ. ಶುರುವಾದ್ರೆ ತಾನೇ ನಿಲ್ಲೋದು?"

ಗುಂಡಿಗೆಯಿಂದ ಹೊಟ್ಟೆ ತುಂಬಿತು, ಆದರೆ ಹೆಸರು ಬಂದದ್ದು ಇನ್ನೊಂದರಿಂದ. ಕಾಲೇಜಿನ ಕೆಲಸ ಬಿಡುವಾಗ ಅಲ್ಲಿನ ಉಪನ್ಯಾಸಕರೊಬ್ಬರು ಅವರನ್ನು ಕರೆದು, ಮನುಷ್ಯನ ಭ್ರೂಣದ ಮೊದಲ ಐದು ದಿನಗಳ ಮಾದರಿ ಎಲ್ಲೂ ಸಿಗುವುದಿಲ್ಲ, ನೀನು ಮಾಡು ಎಂದಿದ್ದರು. ಆ ಉಪನ್ಯಾಸಕರೇ ಒಂದು ಹಾಳೆಯ ಮೇಲೆ ಜೇಬಿನ ನಾಣ್ಯವನ್ನಿಟ್ಟು ಸುತ್ತ ಪೆನ್ಸಿಲ್ ಎಳೆದು ಆರು ವೃತ್ತ ಬರೆದರು. ಮೊದಲನೆಯದರಲ್ಲಿ ಫಲಿತಗೊಂಡ ಅಂಡ, ಅಖಂಡ ಒಂದೇ ಕೋಶ. ಎರಡನೆಯದರಲ್ಲಿ ಅದು ಎರಡಾಗಿತ್ತು. ಆಮೇಲೆ ನಾಲ್ಕು, ಎಂಟು. ಐದನೆಯದರಲ್ಲಿ ಕೋಶಗಳು ಒತ್ತಾಗಿ ಸೇರಿಕೊಂಡ ಮುದ್ದೆ, ಅದಕ್ಕೆ ಮೊರುಲಾ ಎಂದು ಹೆಸರು. ಆರನೆಯದು ಬ್ಲಾಸ್ಟೊಸಿಸ್ಟ್: ನಡುವೆ ನೀರು ತುಂಬಿದ ಪೊಳ್ಳು, ಒಂದು ಬದಿಗೆ ಅಂಟಿಕೊಂಡ ಚಿಕ್ಕ ಗಂಟು. ಆ ಗಂಟೇ ಮುಂದೆ ಮಗುವಾಗುವುದು. ಆರನೆಯ ವೃತ್ತದ ಹೊರಗೆ ಇನ್ನೊಂದು, ಸ್ವಲ್ಪ ದೊಡ್ಡದು, ಚುಕ್ಕೆ ಚುಕ್ಕೆಯಾಗಿ ಎಳೆದಿತ್ತು. ಮಾದರಿ ಸಿದ್ಧವಾಗುವ ಹೊತ್ತಿಗೆ ಉಪನ್ಯಾಸಕರಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಗಾರೆ ಡಾಕ್ಟ್ರು ಹಾಳೆಯನ್ನು ನೋಡಿ ಮರುಕಪಟ್ಟಿದ್ದರು. ಪಾಪ, ಜೇಬಿನಲ್ಲಿ ಒಂದೇ ನಾಣ್ಯ ಇದ್ದಿರಬೇಕು. ಚುಕ್ಕೆಯ ಗೆರೆ ಕೈ ನಡುಗಿದ್ದಕ್ಕೆ ಬಂದಿರಬೇಕು. ಒಂದು ಎರಡಾಗಿ ಎರಡು ನಾಲ್ಕಾಗುತ್ತದೆ ಎಂದ ಮೇಲೆ ದೊಡ್ಡದಾಗಲೇಬೇಕಲ್ಲ? ಎರಡು ಸಲ ಫೇಲಾದವರು ಎಂಬುದನ್ನು ಮರೆತು ಅವರು ಗುರುಗಳನ್ನು ತಿದ್ದಿದರು. ನಾಲ್ಕು ಸೆಂಟಿಮೀಟರಿನ ನಿಂಬೆಹಣ್ಣಿನಿಂದ ಶುರುವಾದ ಆ ಸಾಲು ಹದಿನೆಂಟು ಸೆಂಟಿಮೀಟರಿನ ಕಲ್ಲಂಗಡಿಯಲ್ಲಿ ಮುಗಿಯುತ್ತಿತ್ತು. ಮರದ ಹಲಗೆಯ ಮೇಲೆ ಏರಿಕೆಯಲ್ಲಿ ಜೋಡಿಸಿದರೆ ಮೆಟ್ಟಿಲಿನಂತೆ ಚೆಂದ. ಮೂವತ್ತನಾಲ್ಕು ವರ್ಷಗಳಲ್ಲಿ ಅದು ನಲವತ್ತಮೂರು ಕಾಲೇಜುಗಳ ಗಾಜಿನ ಬೀರುಗಳನ್ನು ಸೇರಿತು. ಯಾರೂ ವಾಪಸು ಕಳಿಸಲಿಲ್ಲ. ಉಪನ್ಯಾಸಕರ ಹಾಳೆಗೆ ಚೌಕಟ್ಟು ಹಾಕಿಸಿ ಕೆಲಸದ ಮೇಜಿನ ಎದುರಿಗೇ ತೂಗುಹಾಕಿದ್ದರು. ದಿನಾ ನೋಡುತ್ತಿದ್ದರು, ಅಂದರೆ ಒಂದು ದಿನವೂ ನೋಡಿರಲಿಲ್ಲ.

ಮನೆಯಲ್ಲಿ ಮಾದರಿಗಳು ಪಾತ್ರೆಪಡಗದ ಹಾಗೆ ಬಳಕೆಯಲ್ಲಿದ್ದವು. ಬಿರುಕುಬಿಟ್ಟ ಬ್ಲಾಸ್ಟೊಸಿಸ್ಟಿನ ಅರ್ಧಭಾಗ ಅವರ ಹೆಂಡತಿಯ ಗುಂಡಿ, ಪಿನ್ನುಗಳ ಬಟ್ಟಲು. ಒಂದು ಮೊರುಲಾ ಮಗಳ ಆಟಿಕೆಯಾಗಿತ್ತು. ಅವಳು ಅದನ್ನು ಸೀತಾಫಲ ಎನ್ನುತ್ತಿದ್ದಳು. ಆರನ್ನೂ ನೆಲದ ಮೇಲೆ ಸಾಲಾಗಿಟ್ಟು "ಇದು ಪಾಪು, ಇದು ದೊಡ್ಡ ಪಾಪು, ಇದು ಇನ್ನೂ ದೊಡ್ಡ ಪಾಪು" ಎಂದು ಎಣಿಸುತ್ತ ಮಾತು ಕಲಿತಳು. ಬೆಳೆದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಹಿಡಿದಳು. ಬಸ್ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವವನನ್ನು ಮದುವೆಯಾದಳು. ಆರು ವರ್ಷ ಕಳೆದರೂ ಮಕ್ಕಳಾಗಲಿಲ್ಲ.

ಆಮೇಲೆ ಆಸ್ಪತ್ರೆ. ಅಂಡ ಹೊರತೆಗೆದು, ಗಾಜಿನ ತಟ್ಟೆಯಲ್ಲಿ ಫಲಿತಗೊಳಿಸಿ, ಐದು ದಿನ ಸಾಕಿ, ಮತ್ತೆ ಗರ್ಭದೊಳಗೆ ಇಡುವ ಚಿಕಿತ್ಸೆ. ಮೊದಲ ಸಲ ಕೈಗೂಡಲಿಲ್ಲ. ಎರಡನೆಯ ಸಲಕ್ಕೆ ಅವಳೇ "ಇದೇ ಕೊನೆ, ಇನ್ನು ನನ್ನ ಕೈಲಿ ಆಗಲ್ಲ" ಎಂದಿದ್ದಳು. ಆಸ್ಪತ್ರೆ ಹತ್ತಿರ ಎಂದು ಗಂಡಹೆಂಡಿರಿಬ್ಬರೂ ಅಪ್ಪನ ಮನೆಗೆ ಬಂದಿದ್ದರು. ಭಾನುವಾರ ಐದು ಅಂಡ ತೆಗೆದರು. ಮೂರು ಫಲಿತಗೊಂಡಿವೆ ಎಂದು ಸೋಮವಾರ ಲ್ಯಾಬಿನಿಂದ ಫೋನು ಬಂತು. ದಿನಾ ಸಂಜೆ ಎಂಟಕ್ಕೆ ಒಂದು ಮಾತ್ರೆ, ತಪ್ಪುವಂತಿಲ್ಲ. ತಪ್ಪಿದರೆ ಶುಕ್ರವಾರ ಭ್ರೂಣವನ್ನು ಇಡಲು ಗರ್ಭಕೋಶ ಸಿದ್ಧವಾಗಿರುವುದಿಲ್ಲ. ಅಳಿಯ ಏಳೂ ಐವತ್ತೊಂಬತ್ತಕ್ಕೆ ಕೈಗಡಿಯಾರ ನೋಡುತ್ತ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದ.

ಬುಧವಾರ ಬೆಳಿಗ್ಗೆ ಮತ್ತೆ ಫೋನು. ಒಂದು ನಿಂತುಹೋಗಿದೆ, ಉಳಿದ ಎರಡೂ ಎಂಟು ಕೋಶಗಳಿಗೆ ಬಂದಿವೆ, ಚೆನ್ನಾಗಿವೆ, ಎಂದಿತು ಲ್ಯಾಬ್. ಮನೆಯವರೆಲ್ಲ ಒಟ್ಟಿಗೆ ತಿರುಗಿ ಗಾರೆ ಡಾಕ್ಟ್ರನ್ನು ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಅವರ ವಿದ್ಯೆಗೆ ಗಿರಾಕಿ ಹುಟ್ಟಿತ್ತು. ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, "ಎಷ್ಟು ದೊಡ್ಡದಾಗಿದೆ ಕೇಳು" ಎಂದರು.

ಮಗಳು ಫೋನಿನಲ್ಲಿ ಕೇಳಿದಳು. "ಸೋಮವಾರ ಇದ್ದಷ್ಟೇ ಇದೆಯಂತೆ, ಅಪ್ಪ."

"ಅಷ್ಟೇನಾ?"

"ಅಷ್ಟೇ ಅಂದ್ರು."

ಅವರು ಎದ್ದು ಹೋಗಿ ಹಲಗೆ ಸಮೇತ ಮಾದರಿಯನ್ನು ತಂದು ಮೇಜಿನ ಮೇಲಿಟ್ಟರು. ಮೊದಲನೆಯದನ್ನು ಮುಟ್ಟಿ, ನಾಲ್ಕನೆಯದನ್ನು ಮುಟ್ಟಿ, ಆಡಬಾರದ ಮಾತನ್ನು ಆಡಿದರು: "ಮೂರು ದಿನಕ್ಕೆ ಎರಡೂವರೆ ಪಟ್ಟಾದ್ರೂ ಬೆಳೀಬೇಕಿತ್ತಲ್ಲ. ಎಲ್ಲೋ ಏನೋ ಎಡವಟ್ಟಾಗಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಮಾದರಿಯನ್ನೇ ನೋಡಿದಳು. ಪಾಪು, ದೊಡ್ಡ ಪಾಪು, ಇನ್ನೂ ದೊಡ್ಡ ಪಾಪು. ಲ್ಯಾಬಿನವರು ಚೆನ್ನಾಗಿದೆ ಎಂದದ್ದು ಈ ಹೊತ್ತಿನ ಫೋನಿನ ಮಾತು. ಇದು ಅವಳು ಮಾತು ಕಲಿಯುವಾಗಲೇ ಕಲಿತ ಪಾಠ.

"ನಾನು ಶುಕ್ರವಾರ ಹೋಗಲ್ಲ" ಎಂದಳು. ಅಳಲಿಲ್ಲ. "ಬೆಳೀದೇ ಇರೋದನ್ನ ಒಳಗಿಟ್ಕೊಂಡು, ಹನ್ನೆರಡು ದಿನ ಕಾದು, ಮತ್ತೆ ಇಲ್ಲ ಅನ್ನಿಸ್ಕೊಳ್ಳೋಕೆ ನನಗೆ ಶಕ್ತಿ ಇಲ್ಲ. ಫೋನ್ ಮಾಡಿ ಹೇಳ್ಬಿಡಿ." ಮಾತ್ರೆಯ ಪಟ್ಟಿಯನ್ನು ಗಂಡನ ಕಡೆಗೆ ತಳ್ಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಂಡತಿ ಬ್ಲಾಸ್ಟೊಸಿಸ್ಟಿನಲ್ಲಿ ಪಿನ್ನು ಹುಡುಕುತ್ತಿದ್ದವರು ತಲೆಯೆತ್ತಿದರು. "ರೀ, ಮೂವತ್ತೈದು ವರ್ಷ ಸಂಸಾರ ಮಾಡಿದ್ದೀನಿ, ನಿಮ್ಮನ್ನ ಯಾರಾದ್ರೂ ಅಭಿಪ್ರಾಯ ಕೇಳಿದ್ದು ನೋಡಿಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು."

ಅಳಿಯ ಗಡಿಯಾರ ನೋಡಿದ. "ಹನ್ನೊಂದೂ ಹತ್ತು. ಎಂಟಕ್ಕೆ ಇನ್ನೂ ಎಂಟು ಗಂಟೆ ಐವತ್ತು ನಿಮಿಷ ಇದೆ ಮಾವ." ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾರೆ ಡಾಕ್ಟ್ರು ಒಂದನೆಯ ಮತ್ತು ನಾಲ್ಕನೆಯ ಮಾದರಿಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ನಡೆದರು. ಲ್ಯಾಬಿನವರು ಎಲ್ಲಿ ತಪ್ಪಿದ್ದಾರೆಂದು ತೋರಿಸಿಕೊಟ್ಟು, ಸರಿಪಡಿಸಿ ಎಂದು ಕೇಳುವುದು ಅವರ ಯೋಜನೆ. ಮೂವತ್ತೈದರ ಆಸುಪಾಸಿನ ಲ್ಯಾಬ್ ಮೇಡಂ ತಲೆಗೆ ನೀಲಿ ಟೋಪಿ ಹಾಕಿಕೊಂಡು ಹೊರಗೆ ಬಂದರು. ಗಾರೆ ಡಾಕ್ಟ್ರು ಕುರ್ಚಿಯ ಮೇಲೆ ಮಾದರಿಗಳನ್ನಿಟ್ಟು ವಾದ ಮಂಡಿಸಿದರು. ಮೇಡಂ ಎರಡನ್ನೂ ತಿರುಗಿಸಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕರು.

"ಅಯ್ಯೋ ಅಂಕಲ್, ಇದು ನಮ್ಮ ಕಾಲೇಜಲ್ಲೂ ಇತ್ತು! ಬೀರು ಬಾಗಿಲು ತೆಗೆಯೋಕೆ ಮೊದಲೇ ನಮ್ಮ ಟೀಚರ್ ಹೇಳ್ತಿದ್ರು, ಎಷ್ಟು ಕೋಶ ಅಂತ ಎಣಿಸ್ಕೊಳ್ಳಿ, ಗಾತ್ರ ಮಾತ್ರ ನೋಡ್ಬೇಡಿ, ನೋಡಿದ್ರೆ ಪರೀಕ್ಷೇಲಿ ಫೇಲಾಗ್ತೀರಿ ಅಂತ. ಇದನ್ನ ಮಾಡಿದ ಪುಣ್ಯಾತ್ಮ ಯಾರೋ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಗಾರೆ ಡಾಕ್ಟ್ರು ಅಂಗಿಯ ಮೇಲಿನ ಬಿಳಿ ಪುಡಿಯನ್ನು ಕೊಡವಿಕೊಂಡರು. "ಯಾರೋ ಬುದ್ಧಿ ಕಮ್ಮಿ ಇರೋನು ಇರ್ಬೇಕಮ್ಮ."

ಮೇಡಂ ಅವರನ್ನು ಗೋಡೆಯ ಮೇಲಿನ ಫೋಟೋಗಳ ಹತ್ತಿರ ಕರೆದುಕೊಂಡು ಹೋದರು. ಸೂಕ್ಷ್ಮದರ್ಶಕದಲ್ಲಿ ತೆಗೆದವು. ಪ್ರತಿಯೊಂದರ ಕೆಳಗೂ ಅಳತೆಗೆಂದು ಒಂದೇ ಉದ್ದದ ಪುಟ್ಟ ಗೆರೆ. "ನೋಡಿ, ಇದು ಮೊದಲನೇ ದಿನ, ಇದು ಮೂರನೇ ದಿನ, ಇದು ನಾಲ್ಕು. ಸುತ್ತ ಈ ತೆಳು ಕವಚ ಇದೆಯಲ್ಲ, ಎಲ್ಲಾನೂ ಇದರೊಳಗೇ. ಹೆಚ್ಚುಕಮ್ಮಿ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಂಡದಲ್ಲಿ ಏನಿತ್ತೋ ಅದನ್ನೇ ಹಂಚ್ಕೊಳ್ತಾ ಹೋಗುತ್ತೆ, ಹೊಸದಾಗಿ ಮೈ ಬೆಳೆಸಲ್ಲ. ಕೋಶ ಜಾಸ್ತಿ ಆಗ್ತಾ ಒಂದೊಂದೂ ಚಿಕ್ಕದಾಗುತ್ತೆ."

"ಅಂದ್ರೆ ಬೆಳೀದೇ ಇದ್ರೆ..."

"ಬೆಳೀದೇ ಇದ್ರೇನೇ ಸರಿ ಅಂಕಲ್. ಈಗ್ಲೇ ಉಬ್ಬಿದ್ರೆ ನಾನೇ ಹೆದರ್ತಿದ್ದೆ."

ದಾರಿಯುದ್ದಕ್ಕೂ ಚೀಲ ಅವರ ಮೊಣಕಾಲಿಗೆ ಬಡಿಯುತ್ತಿತ್ತು. ಬಡಿಯಲಿ ಎಂದುಕೊಂಡರು. ಕೆಲಸದ ಕೋಣೆಗೆ ಬಂದು ಗೋಡೆಯ ಚೌಕಟ್ಟಿನ ಮುಂದೆ ನಿಂತರು. ಜೇಬಿನಿಂದ ನಾಣ್ಯವೊಂದನ್ನು ತೆಗೆದು ಗಾಜಿನ ಮೇಲೆ ಒಂದೊಂದೇ ವೃತ್ತಕ್ಕೆ ಹಿಡಿದು ನೋಡಿದರು. ಆರೂ ಒಂದೇ. ಗುರುಗಳ ಜೇಬು ತುಂಬ ಚಿಲ್ಲರೆ ಇದ್ದಿರಬಹುದು. ಅವರು ಬೇಕೆಂದೇ ಒಂದೇ ನಾಣ್ಯವನ್ನು ಆರು ಸಲ ಇಟ್ಟಿದ್ದರು. ಫೇಲಾದ ಶಿಷ್ಯನಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅಷ್ಟು ಬಿಡಿಸಿ ಹೇಳಿದರೂ ಅರ್ಥವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲೇ ಮಾದರಿ ಕೊಂಡ ನಲವತ್ತಮೂರು ಕಾಲೇಜುಗಳ ಪಟ್ಟಿ ನೇತಾಡುತ್ತಿತ್ತು.

ಸಂಜೆ ಏಳೂವರೆಗೆ ಅವರು ಮಗಳ ಕೋಣೆಯ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಗಾಜಿನ ಬಟ್ಟಲು, ಕಂಕುಳಲ್ಲಿ ಜೇಡಿಮಣ್ಣಿನ ಮುದ್ದೆ.

"ಏನಪ್ಪ ಇದು, ಅಂಗಡಿ ಇಡ್ತೀಯಾ?"

"ಅಂಗಡಿ ಮುಚ್ಚೋಕೆ ಬಂದಿದ್ದೀನಿ ಪುಟ್ಟಾ. ಹತ್ತು ನಿಮಿಷ ಕೂತ್ಕೋ. ಆಮೇಲೆ ಬೈ."

ಇನ್ನೂರು ಗ್ರಾಂ ಮಣ್ಣನ್ನು ತೂಗಿ, ಉಂಡೆ ಕಟ್ಟಿ, ಬಟ್ಟಲಿಗೆ ಹಾಕಿದರು. ಉಂಡೆ ಬಟ್ಟಲಿನ ಕಂಠಕ್ಕೆ ಬಂತು. "ಇದು ಸೋಮವಾರ." ಹೊರತೆಗೆದು ತಂತಿಯಿಂದ ಎರಡು ಮಾಡಿ ಮತ್ತೆ ಬಟ್ಟಲಿಗೆ ಹಾಕಿದರು. ಎರಡನ್ನು ನಾಲ್ಕು ಮಾಡಿದರು, ನಾಲ್ಕನ್ನು ಎಂಟು. ಪ್ರತಿ ಸಲವೂ ತಕ್ಕಡಿಗೆ ಹಾಕಿ ತೋರಿಸಿದರು. "ಇದು ಬುಧವಾರ. ಎಂಟು ಚೂರು, ಅದೇ ಬಟ್ಟಲು. ತೂಕ ಓದು."

ದಿನಾ ಕನ್ನಡಕದ ಪವರಿನಲ್ಲಿ ಕಾಲು ಕಾಲು ಅಂಕಿಯ ವ್ಯತ್ಯಾಸ ನೋಡುವ ಕಣ್ಣು ಅವಳದು. "ನೂರ ತೊಂಬತ್ತೆಂಟು. ಎರಡು ಗ್ರಾಂ ಕಮ್ಮಿ."

ಅವರು ಉಗುರುಗಳನ್ನು ತೋರಿಸಿದರು. ಎರಡು ಗ್ರಾಂ ಅಲ್ಲಿತ್ತು. "ಅದು ನನ್ನ ಪಾಲಿನ ತಪ್ಪು. ಮಿಕ್ಕಿದ್ದೂ ನನ್ನ ಪಾಲಿನ ತಪ್ಪೇ." ಆಮೇಲೆ ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದರು. ಗುರುಗಳ ನಾಣ್ಯ, ತಾವು ಪಟ್ಟ ಮರುಕ, ಮೆಟ್ಟಿಲಿನಂತೆ ಚೆಂದ ಕಂಡದ್ದು, ಆಸ್ಪತ್ರೆಯಲ್ಲಿ ಯಾರೋ ಬುದ್ಧಿ ಕಮ್ಮಿಯವನು ಎಂದು ತಪ್ಪಿಸಿಕೊಂಡದ್ದು. "ನಿಂದು ಬೆಳೀತಾನೇ ಇದೆ ಪುಟ್ಟಾ, ಅಂದ್ರೆ ಹಂಚ್ಕೊಳ್ತಾ ಇದೆ. ಬೆಳೀದೇ ಇರೋನು ನಾನು. ಲ್ಯಾಬಿನವರು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ ಅಂದ್ರೂ ಚೆನ್ನಾಗಿದೆ."

ಮಗಳು ಒಂದು ಚೂರನ್ನು ಎತ್ತಿ ಅಂಗೈ ಮೇಲೆ ಉರುಳಿಸಿದಳು. "ನನ್ನ ಸೀತಾಫಲ?"

"ಅದೂ ಸುಳ್ಳು."

"ಎರಡು ವರ್ಷದ ಮಗೂಗೆ ಸುಳ್ಳು ಆಟದ ಸಾಮಾನು ಕೊಟ್ಟು, ಮೂವತ್ತೆರಡನೇ ವರ್ಷದಲ್ಲಿ ಹೇಳ್ತಿದ್ದೀಯಲ್ಲಪ್ಪ." ಸಿಟ್ಟಿನಿಂದ ಶುರುವಾದ ಮಾತು ನಡುದಾರಿಯಲ್ಲೇ ನಗುವಾಗಿಬಿಟ್ಟಿತು. ನಗುತ್ತ ಕಣ್ಣೊರೆಸಿಕೊಂಡಳು. ಬೆಳಗಿನಿಂದ ತಡೆದಿದ್ದ ಅಳು ಆ ದಾರಿಯಲ್ಲೇ ಬಂತು.

ಬಾಗಿಲಲ್ಲಿ ಅಳಿಯ ನಿಂತಿದ್ದ, ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆ. "ಏಳೂ ಐವತ್ತೊಂಬತ್ತು."

ಅವಳು ಕೈಚಾಚಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಾಲ್ವರೂ ಆಸ್ಪತ್ರೆಯಲ್ಲಿದ್ದರು. ಎರಡರಲ್ಲಿ ಒಂದು ಮೊರುಲಾದಲ್ಲೇ ನಿಂತಿತ್ತು. ಇನ್ನೊಂದು ಪರದೆಯ ಮೇಲೆ ಇತ್ತು: ಒಳಗೆ ಪೊಳ್ಳು, ಒಂದು ಬದಿಗೆ ಗಂಟು, ಸುತ್ತ ಕವಚ. ಮೇಡಂ ಬೆರಳಿಟ್ಟು ತೋರಿಸಿದರು. "ಈಗ ನೋಡಿ, ಒಳಗೆ ನೀರು ತುಂಬಿ ಉಬ್ಬೋಕೆ ಶುರುವಾಗಿದೆ. ಕವಚ ತೆಳ್ಳಗಾಗಿದೆ. ಇನ್ನೊಂದೆರಡು ದಿನಕ್ಕೆ ಇದನ್ನ ಒಡ್ಕೊಂಡು ಈಚೆ ಬರುತ್ತೆ. ಬೆಳೆಯೋದು ಅಂದ್ರೆ ಇನ್ಮೇಲೆ."

ಗಾರೆ ಡಾಕ್ಟ್ರಿಗೆ ಆರನೆಯ ವೃತ್ತದ ಹೊರಗಿನ ಚುಕ್ಕೆಗೆರೆ ಕಣ್ಣ ಮುಂದೆ ಬಂತು. ಗುರುಗಳ ಕೈ ನಡುಗಿರಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಹೆಂಡತಿ ತೋಳು ಚಿವುಟಿದರು. ಮುಚ್ಚಿಕೊಂಡರು. ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮಾತ್ರ ಮೇಡಂ ಹತ್ತಿರ ಹೋಗಿ ಮೆಲ್ಲಗೆ, "ಆ ಬುದ್ಧಿ ಕಮ್ಮಿಯವನ ವಿಳಾಸ ಸಿಕ್ತಮ್ಮ" ಎಂದರು.

"ನಿಮ್ಮ ಅಂಗಿ ನೋಡಿದಾಗಲೇ ಗೊತ್ತಾಗಿತ್ತು ಅಂಕಲ್" ಎಂದರು ಮೇಡಂ.

ಮುಂದಿನ ಹನ್ನೆರಡು ದಿನ ಕಾಯಲು ಅವರಿಗೊಂದು ಕೆಲಸ ಸಿಕ್ಕಿತು. ಐದು ಒಂದೇ ಅಳತೆಯ, ಆರನೆಯದು ಸ್ವಲ್ಪ ಮಾತ್ರ ಉಬ್ಬಿದ ಹೊಸ ಸಾಲು ಎರಕ ಹೊಯ್ದರು. ಹಳೆಯದನ್ನು ಕಳಿಸಿದರೆ ಹೊಸದು ಪುಕ್ಕಟೆ ಎಂದು ನಲವತ್ತಮೂರು ಕಾಲೇಜುಗಳಿಗೂ ಕಾಗದ ಬರೆದರು. ಹದಿನೇಳು ಉತ್ತರ ಬಂದವು. ಒಂದರಲ್ಲಿ, "ಏನು ತಪ್ಪಾಗಿದೆ ಕಂಡುಹಿಡಿಯಿರಿ ಎಂದು ಪ್ರತಿವರ್ಷ ಪರೀಕ್ಷೆಗೆ ಇದನ್ನೇ ಇಡುತ್ತೇವೆ. ದಯವಿಟ್ಟು ವಾಪಸು ಕೇಳಬೇಡಿ" ಎಂದಿತ್ತು. ಪರೀಕ್ಷೆಯ ಕೋಣೆಗೆ ಮೂರನೆಯ ಸಲ ಹೋಗಲು ಇದೂ ಒಂದು ದಾರಿ ಎಂದುಕೊಂಡು ಅವರು ಅದನ್ನು ಬಿಟ್ಟುಬಿಟ್ಟರು. ಹೊಸ ಸಾಲನ್ನು ನೋಡಿದ ಬೀಗ ರಿಪೇರಿಯವನು, "ಏನ್ ಡಾಕ್ಟ್ರೇ, ಅಚ್ಚು ಒಂದೇ ಉಳೀತಾ?" ಎಂದು ಕೇಳಿದ.

"ನಾಣ್ಯ ಒಂದೇ ಉಳೀತು" ಎಂದರು.

ಹದಿಮೂರನೆಯ ದಿನ ಬಂದ ವರದಿಯನ್ನು ಮಗಳು ಎರಡು ಸಲ ಓದಿ ಗಂಡನ ಕೈಗೆ ಕೊಟ್ಟಳು. ಅವನು ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಂಡ. ಹತ್ತೂ ನಲವತ್ತೆರಡು. ಭ್ರೂಣ ನೆಲೆಯೂರಿತ್ತು. ಅಪ್ಪನ ಕಡೆಗೆ ತಿರುಗಿ, "ಬೆಳೀತಿದೆಯಾ ಅಪ್ಪ?" ಎಂದು ಕೆಣಕಿದಳು.

"ಅಳತೆ ತಂದ್ಕೊಡು, ಆಮೇಲೆ ಹೇಳ್ತೀನಿ."

ಏಳನೆಯ ವಾರದ ಸ್ಕ್ಯಾನಿನಲ್ಲಿ ಅಳತೆ ಸಿಕ್ಕಿತು: ಒಂಬತ್ತು ಮಿಲಿಮೀಟರ್. ಗಾರೆ ಡಾಕ್ಟ್ರು ಎರಡು ದಿನ ಕೂತು, ಸೂಜಿಮೊನೆಯಿಂದ ಕೆತ್ತಿ, ಇದ್ದದ್ದು ಇದ್ದಷ್ಟೇ ಗಾತ್ರದ ಮಾದರಿಯನ್ನು ಜೀವಮಾನದಲ್ಲಿ ಮೊದಲ ಸಲ ಮಾಡಿದರು. ಬಾಗಿದ ಬೆನ್ನು, ಮೊಗ್ಗಿನಂತಹ ಕೈ, ಎಲ್ಲ ಸರಿಯಾಗಿತ್ತು. ಅಂಗೈ ಮೇಲಿಟ್ಟುಕೊಂಡು ಮನೆಯವರೆಲ್ಲರನ್ನೂ ಕರೆದರು. ಎಲ್ಲರೂ ಬಗ್ಗಿ ನೋಡುವಷ್ಟರಲ್ಲಿ ಪ್ಲಾಸ್ಟರಿನ ಪುಡಿ ಮೂಗಿಗೆ ಹೋಗಿ ಅವರಿಗೆ ಸೀನು ಬಂತು.

ಮುಂದಿನ ಅರ್ಧ ಗಂಟೆ ಅವರು, ಹೆಂಡತಿ, ಅಳಿಯ ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಬಗ್ಗಬಾರದೆಂದು ಮಗಳನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಗು ತಡೆಯಲಾರದೆ, ಮೇಲಿನಿಂದ ದಾರಿ ಹೇಳುತ್ತಿದ್ದಳು:

"ಎಡಕ್ಕೆ ಅಪ್ಪ... ಇನ್ನೂ ಸ್ವಲ್ಪ... ಅಯ್ಯೋ, ಕೈ ಊರ್ಬೇಡ, ಅಲ್ಲೇ ಇದೆ!"